ಜಾಫ್ನಾದಿಂದ ಜಗಳೂರಿಗೆ ಬಂದ ಇನ್‌ಲ್ಯಾಂಡ್ ಪತ್ರಗಳು: ಪ್ರದರ್ಶನಕ್ಕೆ ಯಾವುದನ್ನು ಕೊಡೋಣ?

ಜಗಳೂರು ಸೀಮೆಯವಳು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಚಿತ್ರದುರ್ಗ ಕಡೆಯ ಹಿರಿಯರು ಇಲ್ಲಿ ಜಾಸ್ತಿ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ದೊಡ್ಡಪ್ಪ ಸೇನೆಯಲ್ಲಿದ್ದರು. 1987ರಲ್ಲಿ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯ ಜೊತೆ ಹೋದರು. 1990ರಲ್ಲಿ ಪಡೆ ವಾಪಸ್ ಬಂದಾಗ ಬಂದರು. ಆಮೇಲೆ ನಿವೃತ್ತಿ, ದಾವಣಗೆರೆಯಲ್ಲಿ ಕಾವಲು ಕೆಲಸ, ಊರಲ್ಲಿ ಒಂದಿಷ್ಟು ಹೊಲ. ಅಲ್ಲಿ ಏನಾಯಿತು ಅಂತ ಯಾರು ಕೇಳಿದರೂ ಹೇಳುತ್ತಿರಲಿಲ್ಲ. ಈಗ ಅವರಿಲ್ಲ. ಅವರು ಬರೆದ ನೀಲಿ ಇನ್‌ಲ್ಯಾಂಡ್ ಪತ್ರಗಳನ್ನು ದೊಡ್ಡಮ್ಮ ಟ್ರಂಕಿನಲ್ಲಿ ಇಟ್ಟಿದ್ದಾರೆ. ವಿಳಾಸದಲ್ಲಿ ಜಗಳೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ ಅಂತಿದೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ ತಾನೇ.

ಹತ್ತಿರದ ಒಂದು ಕಾಲೇಜಿನವರು ಕಾರ್ಗಿಲ್ ವಿಜಯ ದಿನಕ್ಕೆ ಸೈನಿಕರ ಪತ್ರಗಳ ಪ್ರದರ್ಶನ ಮಾಡುತ್ತಾರಂತೆ. ಬಂದು ನೋಡಿದರು. "ದೇಶದ ಕೆಲಸಕ್ಕೆ ಬಂದಿದ್ದೇವೆ, ನೀವು ಧೈರ್ಯವಾಗಿರಿ" ಅಂತ ಬರೆದ ಪತ್ರವನ್ನು ಕೂಡಲೇ ಆರಿಸಿಕೊಂಡರು. ಇನ್ನೊಂದನ್ನು ಪಕ್ಕಕ್ಕೆ ಇಟ್ಟರು. "ಇದರಲ್ಲಿ ಏನೂ ಇಲ್ಲಮ್ಮ, ಬರೀ ಈರುಳ್ಳಿ, ಬಾವಿ" ಅಂದರು. ನನಗೆ ಆ ಮಾತು ನಾಟಿತು. ಯಾಕಂದರೆ ನನಗೆ ತುಂಬಾ ಇಷ್ಟವಾದದ್ದು ಅದೇ. ಫೆಬ್ರವರಿ 1988ರದ್ದು. ಅದರ ನಡುವಿನ ಭಾಗ ಹೀಗಿದೆ:

"ಮೇವಿಗೆ ಏನು ಮಾಡಿದಿರಿ? ಬಿಳಿ ಎತ್ತನ್ನು ಮಾತ್ರ ಮಾರಬೇಡಿ. ಇಲ್ಲಿ ಮಣ್ಣು ನಮ್ಮ ಮೇಲಿನ ಹೊಲದ ಹಾಗೆ ಕೆಂಪು ಇದೆ. ಹೊಳೆ ಇಲ್ಲ, ಕಾಲುವೆ ಇಲ್ಲ. ಬಾವಿ ನೀರಲ್ಲೇ ಈರುಳ್ಳಿ, ಹೊಗೆಸೊಪ್ಪು ಬೆಳೆಯುತ್ತಾರೆ. ಮಡಿ ಬಹಳ ನೀಟಾಗಿ ಕಟ್ಟುತ್ತಾರೆ. ಒಂದು ಮನೆಯವರು ಇರಲಿಲ್ಲ. ಈರುಳ್ಳಿ ಮಡಿ ಒಣಗುತ್ತಾ ಇತ್ತು. ಬಾವಿಯಿಂದ ಎರಡು ಮೂರು ಕೊಡ ಸೇದಿ ಹಾಕಿದೆ. ಸಾಹೇಬರು ಚೆನ್ನಾಗಿ ಬೈದರು. ನಮ್ಮ ಬಾವಿ ಕೆಲಸ ನಿಲ್ಲಿಸಬೇಡಿ. ದುಡ್ಡು ಕಳಿಸುತ್ತೇನೆ."

ನನ್ನ ಪ್ರಶ್ನೆ ಎರಡು. ಇದನ್ನೇ ಕೊಡಬೇಕು ಅಂತ ಹಟ ಮಾಡಲಾ? ಮತ್ತೆ, ಮಡಿಕೆಗಳಲ್ಲಿ ಕಾಗದ ಹರಿಯುತ್ತಿದೆ. ಲ್ಯಾಮಿನೇಷನ್ ಮಾಡಿಸಬಹುದಾ?

ಕಾಗದದ ಕೆಲಸ, ದಾವಣಗೆರೆ

ಮೊದಲು ಎರಡನೇ ಪ್ರಶ್ನೆ. ಲ್ಯಾಮಿನೇಷನ್ ಖಂಡಿತಾ ಬೇಡ. ಬಿಸಿಗೆ ಅಂಟು ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಬಿಡಿಸಲಿಕ್ಕೆ ಆಗಲ್ಲ. ಸೆಲ್ಲೋಟೇಪೂ ಬೇಡ, ಕೆಲವು ವರ್ಷಕ್ಕೆ ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಪತ್ರವನ್ನು ಬಿಡಿಸಿ ಚಪ್ಪಟೆಯಾಗಿ ಇಡಿ, ಮತ್ತೆ ಮಡಚಬೇಡಿ. ಆಮ್ಲ ಇಲ್ಲದ ಕಾಗದದ ಲಕೋಟೆ ಸಿಕ್ಕರೆ ಒಳ್ಳೆಯದು. ಬಿಸಿಲು ಬೀಳಬಾರದು. ಟ್ರಂಕು ನೆಲದ ಮೇಲಿದ್ದರೆ ಎತ್ತರದಲ್ಲಿಡಿ, ಮಳೆಗಾಲದಲ್ಲಿ ತೇವ ಏರುತ್ತದೆ. ನುಸಿ ಗುಳಿಗೆ ಕಾಗದಕ್ಕೆ ತಾಗದ ಹಾಗೆ ನೋಡಿಕೊಳ್ಳಿ.

ಎಲ್ಲಕ್ಕಿಂತ ಮುಂಚೆ ಸ್ಕ್ಯಾನ್ ಮಾಡಿಸಿ. 600 ಡಿಪಿಐ, ಬಣ್ಣದಲ್ಲಿ, ವಿಳಾಸದ ಬದಿಯೂ ಸೇರಿ. ಅಂಚೆ ಮುದ್ರೆ ಇರೋದು ಅಲ್ಲೇ. ಪ್ರದರ್ಶನಕ್ಕೆ ಯಾವುದನ್ನು ಕೊಟ್ಟರೂ ಪ್ರತಿ ಕೊಡಿ, ಮೂಲ ಕೊಡಬೇಡಿ.

ಹೊಳಲ್ಕೆರೆ ಹವಾಲ್ದಾರ್ (ನಿವೃತ್ತ)

ತಂಗಿ, ನಾನೂ ಅಲ್ಲಿದ್ದವನು. ತ್ರಿಂಕೋಮಲಿ ಕಡೆ. ನಿಮ್ಮ ದೊಡ್ಡಪ್ಪನ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಕಾಲೇಜಿನವರಿಗೆ ಗೊತ್ತಾಗದ ಒಂದು ವಿಷಯ ಹೇಳುತ್ತೇನೆ. ಆ ಇಡೀ ಪತ್ರದಲ್ಲಿ ಯುದ್ಧ ಇರೋದು ಬಾವಿಯ ಮಾತಿನಲ್ಲೇ. ಸಾಹೇಬರು ಯಾಕೆ ಬೈದರು ಅಂದುಕೊಂಡಿರಿ? ನೀರು ಪೋಲಾಯಿತು ಅಂತಲ್ಲ. ಆ ಕಾಲಕ್ಕೆ ಅಲ್ಲಿ ಖಾಲಿ ಮನೆ ಅಂದರೆ ಯಮನ ಬಾಯಿ. ಬಾಗಿಲಿಗೆ ತಂತಿ ಕಟ್ಟಿರುತ್ತಿದ್ದರು. ಕಾಲುದಾರಿಯಲ್ಲಿ ನೆಲಬಾಂಬ್ ಹೂತಿರುತ್ತಿದ್ದರು. ರಸ್ತೆ ಕೆಳಗೆ ಹೂತಿಟ್ಟ ಸ್ಫೋಟಕಕ್ಕೆ ನಮ್ಮ ಎಷ್ಟೋ ಗಾಡಿಗಳು ಹಾರಿಹೋದವು. ಯಾರೂ ಇಲ್ಲದ ಮನೆ ಅಂಗಳಕ್ಕೆ ಹೋಗಿ, ಹಗ್ಗ ಹಿಡಿದು, ಕೊಡ ಇಳಿಸಿ, ನಿಂತುಕೊಂಡು ನೀರು ಸೇದುವುದು ಅಂದರೆ ಪ್ರಾಣದ ಮೇಲಿನ ಆಸೆ ಬಿಟ್ಟವನು ಮಾಡುವ ಕೆಲಸ. ಇಲ್ಲಾ, ಒಣಗುವ ಮಡಿ ನೋಡಿ ತಡೆಯಲಾರದ ರೈತನ ಮಗ ಮಾಡುವ ಕೆಲಸ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. 1983ರ ಜುಲೈನಲ್ಲಿ ಶುರುವಾದ ಶ್ರೀಲಂಕಾದ ಅಂತರ್ಯುದ್ಧ 2009ರ ಮೇ ತಿಂಗಳವರೆಗೆ ನಡೆಯಿತು. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ, ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಅದಾದ ಕೂಡಲೇ ನಾವು ಹೋದೆವು. ಮೊದಮೊದಲು ತಮಿಳು ಜನ ಹಾರ ಹಾಕಿ ಸ್ವಾಗತ ಮಾಡಿದರು. ಹೋಗಿದ್ದು ಶಾಂತಿ ಕಾಯಲಿಕ್ಕೆ. ಅಕ್ಟೋಬರ್ ಹೊತ್ತಿಗೆ, ತಮಿಳರಿಗೆ ಪ್ರತ್ಯೇಕ ದೇಶ ಬೇಕು ಅಂತ ಅಲ್ಲಿನ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಎಲ್‌ಟಿಟಿಇ ಜೊತೆ ನೇರ ಕಾಳಗ ಶುರುವಾಯಿತು. ಶ್ರೀಲಂಕಾದ ಉತ್ತರದಲ್ಲಿರುವ ಜಾಫ್ನಾದ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರ್‌ನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ಸತ್ತರು. ನವೆಂಬರ್ 25ರಂದು ಮೇಜರ್ ರಾಮಸ್ವಾಮಿ ಪರಮೇಶ್ವರನ್ ತೀರಿಕೊಂಡರು, ಅವರಿಗೆ ಪರಮವೀರ ಚಕ್ರ ಬಂತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ವಾಪಸ್ ಬರುವಷ್ಟರಲ್ಲಿ ನಮ್ಮವರು ಸುಮಾರು 1,200 ಜನ ಸತ್ತಿದ್ದರು.

ಪತ್ರದಲ್ಲಿ ಊರಿನ ಹೆಸರು ಇರಲ್ಲ, ನೋಡಿ. ಬರೆಯುವ ಹಾಗಿರಲಿಲ್ಲ. ಯೂನಿಟ್ ಹೆಸರು, ಕೆಳಗೆ ಸೇನಾ ಅಂಚೆಯ ಎಪಿಒ ಸಂಖ್ಯೆ, ಅಷ್ಟೇ. 56 ಎಪಿಒ ಅಂದರೆ ಲಡಾಖೂ ಆಗಬಹುದು, ರಾಜಸ್ಥಾನವೂ ಆಗಬಹುದು. ಆದರೆ ಕೆಂಪು ಮಣ್ಣು, ಬಾವಿ, ಈರುಳ್ಳಿ, ಹೊಗೆಸೊಪ್ಪು ಅಂದಮೇಲೆ ಆ ನೆಲ ಕಂಡವನಿಗೆ ಗೊತ್ತಾಗುತ್ತದೆ. ಅದು ಜಾಫ್ನಾನೇ.

ದುರ್ಗದವನು

ಹಿರಿಯರಿಗೆ ನಮಸ್ಕಾರ. ನನ್ನ ಅಭಿಪ್ರಾಯ ಬೇರೆ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಕಾರ್ಗಿಲ್ ದಿನದ ಪ್ರದರ್ಶನ ಅದು. ಮಕ್ಕಳು ಬರುತ್ತಾರೆ. ಗೋಡೆ ಮುಂದೆ ಅರ್ಧ ನಿಮಿಷ ನಿಂತು ಓದಿ ಮುಂದೆ ಹೋಗುತ್ತಾರೆ. ಹವಾಲ್ದಾರರು ಬಿಡಿಸಿ ಹೇಳಿದ್ದಕ್ಕೆ ಬಾವಿಯ ಅರ್ಥ ನಮಗೆ ತಿಳಿಯಿತು. ಗೋಡೆ ಪಕ್ಕ ಅದನ್ನು ಯಾರು ಹೇಳುತ್ತಾರೆ? ಧೈರ್ಯದ ಪತ್ರ ಓದಿದರೆ ಯಾವುದಾದರೂ ಹುಡುಗ ಸೇನೆಗೆ ಸೇರುವ ಮನಸ್ಸು ಮಾಡಬಹುದು. ಅದೂ ದೊಡ್ಡಪ್ಪನವರೇ ಬರೆದದ್ದು ಅಲ್ವಾ? ಅದನ್ನು ಕೊಡುವುದರಲ್ಲಿ ತಪ್ಪೇನಿದೆ?

ಇತಿಹಾಸ ಮೇಷ್ಟ್ರು, ದಾವಣಗೆರೆ

ದುರ್ಗದವರೇ, ತಪ್ಪೇನಿಲ್ಲ. ಆದರೆ ಒಂದನ್ನೇ ತೂಗುಹಾಕಿದರೆ ಏನಾಗುತ್ತದೆ ಅನ್ನೋದಕ್ಕೆ ಬೇರೆ ದೇಶದ ಒಂದು ಉದಾಹರಣೆ ಇದೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಅಮೆರಿಕದ ಅಂತರ್ಯುದ್ಧ, 1861ರಿಂದ 1865. ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ನಡೆದದ್ದು. ಸತ್ತವರು ಕಡಿಮೆ ಅಂದರೂ 6,20,000. ಅದರಲ್ಲಿ ಗುಂಡಿಗಿಂತ ಕಾಯಿಲೆಗೆ ಬಲಿಯಾದವರೇ ಹೆಚ್ಚು, ಭೇದಿ, ಟೈಫಾಯಿಡ್ ಅಂಥವು. ಆ ಯುದ್ಧದ ವಿಶೇಷ ಏನೆಂದರೆ ಸಿಪಾಯಿಗಳಲ್ಲಿ ಹೆಚ್ಚಿನವರಿಗೆ ಓದು ಬರಹ ಬರುತ್ತಿತ್ತು. ಪತ್ರಗಳನ್ನು ಒಡೆದು ನೋಡುವ ಸೆನ್ಸಾರ್ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಮನಸ್ಸಿಗೆ ಬಂದದ್ದೆಲ್ಲ ಬರೆದರು. ಉತ್ತರದ ಸೈನಿಕನ ಹತ್ತಿರ ಅಂಚೆಚೀಟಿ ಇಲ್ಲದಿದ್ದರೆ "ಸೈನಿಕನ ಪತ್ರ" ಅಂತ ಮೇಲೆ ಬರೆದು ಹಾಕಬಹುದಿತ್ತು. ಮನೆಯವರು ಮೂರು ಸೆಂಟ್ ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಬೇರಿಂಗ್ ಪತ್ರ ಇತ್ತಲ್ಲ, ಆದರೆ ದಂಡ ಇಲ್ಲ. ದಕ್ಷಿಣದಲ್ಲಿ ಕಾಗದಕ್ಕೇ ಬರ ಬಂತು. ಗೋಡೆಗೆ ಅಂಟಿಸುವ ಕಾಗದದಲ್ಲಿ ಲಕೋಟೆ ಮಾಡಿದರು. ಬರೆದ ಸಾಲಿನ ಮೇಲೇ ಅಡ್ಡಕ್ಕೆ ತಿರುಗಿಸಿ ಇನ್ನೊಂದು ಸಲ ಬರೆದರು.

ಇಷ್ಟು ರಾಶಿ ಪತ್ರಗಳಲ್ಲಿ ಲೋಕಕ್ಕೆಲ್ಲ ಗೊತ್ತಿರುವುದು ಒಂದೇ. ರೋಡ್ ಐಲೆಂಡಿನ ಮೇಜರ್ ಸುಲಿವನ್ ಬಲೂ ತನ್ನ ಹೆಂಡತಿ ಸಾರಾಗೆ 1861ರ ಜುಲೈ 14ರಂದು ಬರೆದದ್ದು. ದೇಶದ ಮೇಲಿನ ಪ್ರೀತಿ, ಹೆಂಡತಿ ಮೇಲಿನ ಪ್ರೀತಿ, ಎರಡೂ ಎಳೆದಾಡುವ ಪತ್ರ ಅದು. ಒಂದು ವಾರಕ್ಕೆ, ಜುಲೈ 21ರ ಬುಲ್ ರನ್ ಕದನದಲ್ಲಿ ಗಾಯಗೊಂಡು ಕೆಲವೇ ದಿನಗಳಲ್ಲಿ ತೀರಿಕೊಂಡ. ಪತ್ರ ಅವನ ಸಾಮಾನಿನ ಜೊತೆ ಮನೆಗೆ ಬಂತು. ಸಾರಾ ಮತ್ತೆ ಮದುವೆ ಆಗಲಿಲ್ಲ. 1990ರಲ್ಲಿ ಟಿವಿಯಲ್ಲಿ ಬಂದ ಒಂದು ಸಾಕ್ಷ್ಯಚಿತ್ರದಲ್ಲಿ ಅದನ್ನು ಓದಿದ ಮೇಲೆ ಮನೆಮಾತಾಯಿತು. ಅದರ ಮೂಲ ಪ್ರತಿ ಇವತ್ತಿಗೂ ಸಿಕ್ಕಿಲ್ಲ, ಇರುವುದೆಲ್ಲ ನಕಲು. ಚೆಂದದ ಪತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಲೂ ವಕೀಲ, ಶಾಸನಸಭೆಯಲ್ಲಿ ಇದ್ದವನು, ಮಾತು ಕಟ್ಟಲು ಬಲ್ಲವನು. ಎಲ್ಲ ಸಿಪಾಯಿಗಳೂ ಹಾಗೇ ಬರೆದರು ಅಂತ ಜನ ನಂಬಿದರೆ ಕಷ್ಟ.

ಅದೇ ಯುದ್ಧದ ಇನ್ನೊಂದು ಪತ್ರ ನನಗೆ ಹೆಚ್ಚು ಹತ್ತಿರ. ಸ್ಪಾಟ್ಸ್‌ವುಡ್ ರೈಸ್ ಅಂತ ಒಬ್ಬ ಕಪ್ಪು ಸೈನಿಕ. ಗುಲಾಮನಾಗಿದ್ದವನು ತಪ್ಪಿಸಿಕೊಂಡು ಉತ್ತರದ ಸೇನೆ ಸೇರಿದ. ಅವನ ಹೆಣ್ಣುಮಕ್ಕಳು ಮಿಸೌರಿಯ ಗ್ಲಾಸ್ಗೋ ಎಂಬ ಊರಲ್ಲಿ ಇನ್ನೂ ಗುಲಾಮರಾಗಿಯೇ ಇದ್ದರು. 1864ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಸಿನ ಸೇನಾ ಆಸ್ಪತ್ರೆಯಿಂದ ಮಕ್ಕಳಿಗೆ ಬರೆದ. ಜೀವ ಹೋದರೂ ಸರಿ, ನಿಮ್ಮನ್ನು ಬಿಡಿಸಿಕೊಳ್ಳುತ್ತೇನೆ, ಸೈನಿಕರ ಜೊತೆ ಬರುತ್ತೇನೆ ಅಂತ. ಒಬ್ಬ ಮಗಳ ಒಡತಿಗೂ ಇನ್ನೊಂದು ಬರೆದ. ನೀನು ಹೆಚ್ಚು ದಿನ ಅವಳನ್ನು ಇಟ್ಟುಕೊಂಡಷ್ಟೂ ನಿನಗೇ ಕೆಟ್ಟದ್ದು ಅಂತ. ಆ ಪತ್ರಗಳು ಹೇಗೆ ಉಳಿದವು ಗೊತ್ತಾ? ಒಡತಿಯ ಅಣ್ಣತಮ್ಮಂದಿರಲ್ಲಿ ಒಬ್ಬ ಅದೇ ಊರಿನ ಪೋಸ್ಟ್‌ಮಾಸ್ಟರ್. ಈ ಸೈನಿಕನ ಸೊಕ್ಕು ನೋಡಿ, ಇವನನ್ನು ರಾಜ್ಯದಿಂದಲೇ ಹೊರಗೆ ಹಾಕಿ ಅಂತ ಸೇನಾಧಿಕಾರಿಗೆ ದೂರು ಬರೆದು, ಸಾಕ್ಷಿಗೆ ಪತ್ರಗಳನ್ನೂ ಲಗತ್ತಿಸಿದ. ದೂರಿನ ಕಡತದಲ್ಲಿ ಸೇರಿಕೊಂಡು ಅಮೆರಿಕದ ರಾಷ್ಟ್ರೀಯ ಪತ್ರಾಗಾರ ತಲುಪಿದವು. ಅಷ್ಟು ದ್ವೇಷ ಇರದಿದ್ದರೆ ಒಬ್ಬ ಅಪ್ಪನ ಪತ್ರ ಒಲೆಗೆ ಹೋಗುತ್ತಿತ್ತು.

ಯಾವ ಪತ್ರ ಉಳಿಯುತ್ತದೆ, ಯಾವುದನ್ನು ಜನ ಓದುತ್ತಾರೆ ಅನ್ನೋದನ್ನು ಬರೆದವನು ತೀರ್ಮಾನಿಸುವುದಿಲ್ಲ. ಜಗಳೂರಿನ ತಾಯಿ, ಅದು ಈಗ ನಿಮ್ಮ ಕೈಯಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಡಿಸಿ. ಒಬ್ಬನೇ ಮನುಷ್ಯ ಎರಡನ್ನೂ ಬರೆದ ಅನ್ನೋದು ಮಕ್ಕಳಿಗೆ ಕಾಣಲಿ. ಬಾವಿಯ ಪತ್ರದ ಕೆಳಗೆ ಹವಾಲ್ದಾರರ ವಿವರಣೆಯನ್ನು ನಾಲ್ಕು ಸಾಲಲ್ಲಿ ಬರೆಸಿ ಹಾಕಿ.

ಚಳ್ಳಕೆರೆ ರೈತ

ಮೇಷ್ಟ್ರೇ ಚೆನ್ನಾಗಿ ಹೇಳಿದ್ರಿ. ನಾನು ಈರುಳ್ಳಿ ಬೆಳೆಯುವವನು, ಒಂದು ಮಾತು ಹೇಳುತ್ತೇನೆ.

ಈರುಳ್ಳಿ ಬೇರು ಮೇಲೇ ಇರುತ್ತದೆ, ಆಳಕ್ಕೆ ಹೋಗಲ್ಲ. ಗಡ್ಡೆ ಕಟ್ಟುವ ಹೊತ್ತಿಗೆ ನೀರು ತಪ್ಪಿದರೆ ಎಲೆ ತುದಿ ಮೊದಲು ಹಳದಿ ಆಗುತ್ತದೆ, ಆಮೇಲೆ ಬಾಗುತ್ತದೆ. ಗಡ್ಡೆ ಸಣ್ಣದಾಗಿ ನಿಂತುಬಿಡುತ್ತದೆ. ದಾರಿಯಲ್ಲಿ ಹೋಗುವ ಬೇರೆಯವರಿಗೆ ಅದು ಹಸಿರಾಗಿಯೇ ಕಾಣುತ್ತದೆ. ಒಣಗುತ್ತಾ ಇತ್ತು ಅಂತ ಅವರು ಬರೆದಿದ್ದಾರೆ ಅಂದರೆ ಬಂದೂಕು ಹೆಗಲಲ್ಲಿ ಇಟ್ಟುಕೊಂಡೇ ಎಲೆ ತುದಿ ನೋಡಿದ್ದಾರೆ. ಎರಡು ಮೂರು ಕೊಡದಲ್ಲಿ ಒಂದು ಮಡಿಯೂ ನೆನೆಯಲ್ಲ. ಅದು ಅವರಿಗೂ ಗೊತ್ತು. ಆದರೂ ಹಾಕಿದ್ದಾರೆ.

ಆಮೇಲೆ 1987. ನಮ್ಮ ಕಡೆಗೆ ದೊಡ್ಡ ಬರ. ಜಾನುವಾರು ಮಾರಿದ್ದು ನಮ್ಮಪ್ಪ ಇವತ್ತಿಗೂ ಹೇಳುತ್ತಾರೆ. ಜಗಳೂರಿಗೆ ಭದ್ರಾ ನಾಲೆಯ ಆಸರೆಯೂ ಇರಲಿಲ್ಲ. ಬಾವಿ ಬಾವಿ ಅಂತ ಅವರು ಯಾಕೆ ಬಡಕೊಂಡರು ಅಂತ ಕಾಲೇಜಿನವರು ಊರಲ್ಲಿ ಯಾರನ್ನಾದರೂ ಕೇಳಿದ್ದರೆ ಸಾಕಿತ್ತು.

ಹಿರಿಯೂರು ಸಿಸ್ಟರ್

ನಾನು ದಾದಿ. ಈ ಚರ್ಚೆಯಲ್ಲಿ ಒಂದು ವಿಷಯ ಯಾರೂ ಎತ್ತಲಿಲ್ಲ. ಎತ್ತದೆ ಬಿಟ್ಟರೆ ನನಗೆ ಸರಿ ಅನಿಸಲ್ಲ.

ಆ ಮನೆಯವರು ಎಲ್ಲಿ ಹೋದರು? ಅಕ್ಟೋಬರ್ 1987ರಲ್ಲಿ ಜಾಫ್ನಾದ ಜನ ಸಾವಿರಗಟ್ಟಲೆ ಮನೆ ಬಿಟ್ಟು ನಲ್ಲೂರಿನ ಕಂದಸ್ವಾಮಿ ದೇವಸ್ಥಾನ, ಶಾಲೆ, ಚರ್ಚುಗಳಲ್ಲಿ ಕೂತಿದ್ದರು. ಅದೇ ತಿಂಗಳು, ದೀಪಾವಳಿಯ ಹೊತ್ತಿಗೆ, ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಸತ್ತರು. 60ಕ್ಕೂ ಹೆಚ್ಚು ಜನ. ಒಳಗಿನಿಂದ ಗುಂಡು ಬಂತು, ಕಾಳಗದ ನಡುವೆ ಸಿಕ್ಕಿ ಸತ್ತರು ಅಂತ ಸೇನೆಯ ಕಡೆಯವರು ಹೇಳಿದರು. ಬದುಕಿ ಉಳಿದವರು ಹಾಗೆ ಹೇಳಲಿಲ್ಲ. ಕೈ ಎತ್ತಿಕೊಂಡು ಹೊರಬಂದ ವೈದ್ಯರನ್ನೂ ಹೊಡೆದರು ಅಂತ ಹೇಳಿದ್ದಾರೆ. ಸಮವಸ್ತ್ರದಲ್ಲಿ ಕೆಲಸದ ಮೇಲಿದ್ದ ದಾದಿಯರ ಬಗ್ಗೆ ಓದಿದ ಮೇಲೆ ನನಗೆ ಆ ಯುದ್ಧವನ್ನು ಬರೀ ಹೆಮ್ಮೆಯಿಂದ ನೋಡಲಿಕ್ಕೆ ಆಗಲ್ಲ.

ನಿಮ್ಮ ದೊಡ್ಡಪ್ಪನಿಗೂ ಅದಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಕಡೆಯ ಜನ ಒಂದು ಸಲವಾದರೂ ಮನುಷ್ಯರಾಗಿ ಬಂದಿರುವುದು ಈರುಳ್ಳಿ ಪತ್ರದಲ್ಲಿ ಮಾತ್ರ. ಅವರಿಗೆ ಒಂದು ಮನೆ ಇದೆ, ಒಂದು ಬಾವಿ ಇದೆ, ನೀಟಾಗಿ ಕಟ್ಟಿದ ಮಡಿ ಇದೆ. ಅದಕ್ಕೇ ಅದು ಗೋಡೆ ಮೇಲೆ ಇರಬೇಕು.

ದುರ್ಗದವನು

ಸಿಸ್ಟರ್, ಸೈನಿಕರ ದಿನದಂದು ಇದನ್ನೆಲ್ಲ ತೆಗೆದರೆ ಅಲ್ಲಿ ಹೋಗಿ ಸತ್ತವರ ಮನೆಯವರಿಗೆ ಎಷ್ಟು ನೋವಾಗುತ್ತದೆ ಯೋಚನೆ ಮಾಡಿ. ಅವರು ಹೋಗಿದ್ದು ಸರ್ಕಾರ ಕಳಿಸಿದ್ದಕ್ಕೆ.

ಹೊಳಲ್ಕೆರೆ ಹವಾಲ್ದಾರ್ (ನಿವೃತ್ತ)

ದುರ್ಗದ ತಮ್ಮಾ, ನಿನ್ನ ಕಾಳಜಿಗೆ ನನ್ನ ನಮಸ್ಕಾರ. ಆದರೆ ನಮ್ಮ ಪರವಾಗಿ ಸಿಟ್ಟು ಮಾಡಿಕೊಳ್ಳಬೇಡ. ಸಿಸ್ಟರ್ ಹೇಳಿದ್ದು ನಮ್ಮವರಿಗೆಲ್ಲ ಗೊತ್ತಿರುವ ವಿಷಯವೇ. ಎಷ್ಟೋ ಜನ ಮನೆಯಲ್ಲಿ ಬಾಯಿ ಬಿಡದೇ ಇರುವುದು ಏನೂ ನೋಡಿಲ್ಲ ಅಂತ ಅಲ್ಲ.

ನಮಗೆ ನೋವಾದದ್ದು ಬೇರೆ ಕಡೆ. 1990ರಲ್ಲಿ ಹಡಗು ಮದ್ರಾಸಿಗೆ ಬಂದಾಗ ಸ್ವಾಗತಕ್ಕೆ ಆ ರಾಜ್ಯದ ಮುಖ್ಯಮಂತ್ರಿ ಬರಲಿಲ್ಲ. ಕೊಲಂಬೊ ಹತ್ತಿರ ನಮ್ಮವರ ಹೆಸರು ಕೆತ್ತಿದ ಸ್ಮಾರಕ ಆಯಿತು. ನಮ್ಮ ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಬಂದು, ಅಲ್ಲಿ ಹೆಸರು ಸೇರಿದ್ದು 2019ರಲ್ಲಿ. ಅಷ್ಟು ವರ್ಷ ನಾವು ಯಾವ ಯುದ್ಧಕ್ಕೂ ಸೇರದವರ ಹಾಗೆ ಇದ್ದೆವು. ನಮ್ಮನ್ನು ನೆನೆಯುವುದಾದರೆ ಪೂರ್ತಿ ನೆನೆಯಿರಿ. ಅರ್ಧ ಮುಚ್ಚಿಟ್ಟು ಹಾರ ಹಾಕಿದರೆ ಆ ಹಾರ ಯಾರಿಗೆ ಬಿತ್ತು?

ಕೋಟೆ ಪಕ್ಕದ ಮನೆ

ಹವಾಲ್ದಾರರ ಮಾತು ಓದುವಾಗ ನಮ್ಮ ಕೋಟೆ ನೆನಪಾಯಿತು. 1779ರಲ್ಲಿ ಹೈದರಾಲಿ ಚಿತ್ರದುರ್ಗ ಹಿಡಿದ ಮೇಲೆ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ತನ್ನ ಚೇಲಾ ಪಡೆಗೆ ಸೇರಿಸಿದ. ಅವರಲ್ಲಿ ಯಾರೂ ಮನೆಗೆ ಬರೆದ ಒಂದು ಸಾಲೂ ನಮ್ಮ ಹತ್ತಿರ ಇಲ್ಲ. ಅದಕ್ಕೂ ಹಿಂದಿನವರಿಗೆ ವೀರಗಲ್ಲು. ಅದರಲ್ಲಿ ಕತ್ತಿ ಇದೆ, ಕುದುರೆ ಇದೆ, ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರಿದ್ದಾರೆ. ಎತ್ತಿನ ಮೇವಿನ ಚಿಂತೆ ಯಾವ ಕಲ್ಲಿನಲ್ಲೂ ನಾನು ಕಂಡಿಲ್ಲ. ಜಗಳೂರಿನವರ ಟ್ರಂಕಿನಲ್ಲಿ ಅದು ಇದೆ. ದಯವಿಟ್ಟು ಜೋಪಾನ ಮಾಡಿ.

ಜಗಳೂರು ಸೀಮೆಯವಳು

ಎಲ್ಲರಿಗೂ ದೊಡ್ಡ ನಮಸ್ಕಾರ. ಇಲ್ಲಿ ಬಂದದ್ದನ್ನೆಲ್ಲ ನಿನ್ನೆ ರಾತ್ರಿ ದೊಡ್ಡಮ್ಮನಿಗೆ ಓದಿ ಹೇಳಿದೆ. ಹವಾಲ್ದಾರರ ಮಾತು ಬಂದಾಗ "ಬಾವಿ ತಂಟೆಗೆ ಹೋಗಿದ್ದನ್ನು ನನಗೆ ಯಾಕೆ ಹೇಳಲಿಲ್ಲ ಈ ಮನುಷ್ಯ" ಅಂತ ಸಿಟ್ಟಾದರು. ನಿಜವಾಗಿ ಸಿಟ್ಟಾದರು. ಇಷ್ಟು ವರ್ಷ ಆ ಸಾಲನ್ನು ಬರೀ ಕೃಷಿ ಮಾತು ಅಂದುಕೊಂಡಿದ್ದರಂತೆ.

ಆಮೇಲೆ ಅವರು ಹೇಳಿದ್ದು ನನಗೂ ಹೊಸದು. ಆಗ ಅವರಿಗೆ ಓದಲು ಬರುತ್ತಿರಲಿಲ್ಲ. ಪತ್ರ ಬಂದರೆ ಊರಿನ ಮೇಷ್ಟ್ರು ಕಟ್ಟೆ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು. ಮಾವ, ಅತ್ತೆ, ಅಕ್ಕಪಕ್ಕದವರು ಎಲ್ಲ ಸುತ್ತ ಇರುತ್ತಿದ್ದರು. ಅದು ದೊಡ್ಡಪ್ಪನಿಗೂ ಗೊತ್ತಿತ್ತು. ಹಾಗಾಗಿ ಪತ್ರ ಪೂರ್ತಿ ಅಪ್ಪನ ಹೆಸರಿಗೆ, ಎಲ್ಲರ ಕಿವಿಗೆ. ಹೆಂಡತಿಗೆ ಅಂತ ಒಂದು ಸಾಲೂ ಇಲ್ಲ. ನನಗೆ ಅದು ಬಹಳ ದಿನದಿಂದ ಬೇಸರ ತಂದಿತ್ತು, ಕೇಳಿಯೇಬಿಟ್ಟೆ. ಅದಕ್ಕೆ ಅವರು ಟ್ರಂಕಿನ ತಳದಿಂದ ಮನಿಯಾರ್ಡರ್ ಕೂಪನ್‌ಗಳ ಕಟ್ಟು ತೆಗೆದರು. ಹಣದ ಜೊತೆ ಕೆಳಗೆ ಎರಡು ಸಾಲು ಬರೆಯುವ ಜಾಗ ಇರುತ್ತಿತ್ತಲ್ಲ, ಅದು. ಅದನ್ನು ಕಟ್ಟೆ ಮೇಲೆ ಯಾರೂ ಓದುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ದುಡ್ಡು ಎಣಿಸಿ ಕೊಡುವಾಗ ಮೆಲ್ಲಗೆ ಓದಿ ಹೇಳಿ ಹೋಗುತ್ತಿದ್ದರಂತೆ. ಅದರಲ್ಲಿ ಏನಿದೆ ಅಂತ ಇಲ್ಲಿ ಹಾಕುವುದಿಲ್ಲ. ಹಾಕಬೇಡ ಅಂದಿದ್ದಾರೆ.

ಪ್ರದರ್ಶನದ ಬಗ್ಗೆ ಅವರದೇ ತೀರ್ಮಾನ: ಎರಡೂ ಪತ್ರ ಕೊಡು, ಒಂದೇ ಬೇಕು ಅಂದರೆ ಈರುಳ್ಳಿಯದು ಕೊಡು, ಅದೂ ಬೇಡ ಅಂದರೆ ಯಾವುದೂ ಬೇಡ. ಸಾಲದ ಲೆಕ್ಕ ಇರುವ ಕೊನೆಯ ಭಾಗ ಮುಚ್ಚಬೇಕು. ಸಿಸ್ಟರ್ ಅವರಿಗೆ ಒಂದು ಮಾತು ತಿಳಿಸು ಅಂದರು. ದೊಡ್ಡಪ್ಪ ಕೊನೆಯ ವರ್ಷಗಳಲ್ಲಿ ಆಸ್ಪತ್ರೆಗೆ ಬರಲು ಒಪ್ಪುತ್ತಲೇ ಇರಲಿಲ್ಲವಂತೆ. ಕಾರಣ ಗೊತ್ತಿಲ್ಲ, ಸುಮ್ನೆ ಹೇಳು ಅಂದರು.

ಹವಾಲ್ದಾರ್ ಸಾಹೇಬರೇ, ವಿವರಣೆಯ ನಾಲ್ಕು ಸಾಲು ನೀವೇ ಬರೆದುಕೊಡುತ್ತೀರಾ? ನಿಮ್ಮ ಹೆಸರು ಹಾಕಬೇಕೋ ಬೇಡವೋ ತಿಳಿಸಿ.

ಹೊಳಲ್ಕೆರೆ ಹವಾಲ್ದಾರ್ (ನಿವೃತ್ತ)

ಬರೆಯುತ್ತೇನೆ. ಹೆಸರು ಬೇಡ, "ಅಲ್ಲಿ ಜೊತೆಗಿದ್ದ ಒಬ್ಬ ಸೈನಿಕ" ಅಂತ ಹಾಕಿ. ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಬಾವಿ ಕೆಲಸ ಮುಗಿಯಿತಾ ಅಂತ ಕೇಳಿ ನೋಡಿ, ನೀರು ಬಂತಾ?

ಜಗಳೂರು ಸೀಮೆಯವಳು

ಬಂತಂತೆ ಸಾರ್. ಆಗ ಬಂತು. ಬೋರ್‌ವೆಲ್‌ಗಳು ಹೆಚ್ಚಾದ ಮೇಲೆ ಬತ್ತಿದೆ.

ಕಾಗದದ ಕೆಲಸ, ದಾವಣಗೆರೆ

ಭಾನುವಾರ ನಾನೇ ಸ್ಕ್ಯಾನರ್ ತಗೊಂಡು ಜಗಳೂರಿಗೆ ಬರುತ್ತೇನೆ. ಅಂಗಡಿಗೆ ಕೊಡಬೇಡಿ, ಮಡಿಕೆ ಹರಿದುಬಿಡುತ್ತಾರೆ. ಕೂಪನ್‌ಗಳನ್ನು ನಾನು ನೋಡುವುದಿಲ್ಲ, ಅವನ್ನು ಸ್ಕ್ಯಾನ್ ಮಾಡುವುದು ಹೇಗೆ ಅಂತ ನಿಮಗೇ ಕಲಿಸಿಕೊಡುತ್ತೇನೆ. ಟೇಬಲ್ ಇರುವ, ಫ್ಯಾನ್ ಇಲ್ಲದ ಕೋಣೆ ಒಂದು ಇರಲಿ.